ಟೇಪ್ ಡ್ರೈವ್ ಇಡೀ ರಾತ್ರಿ ಹಿಂದೆ ಮುಂದೆ ಓಡುತ್ತಿದೆ: ಬದಲಿಸಬೇಕೇ?

ಪ್ರಶ್ನೆ: ನಾನು ಕರಾವಳಿಯ ಒಂದು ಬೋಧನಾ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರಗಳೆಲ್ಲ ಸೇರಿ ಸುಮಾರು 14 ಟಿಬಿ ಇದೆ. ಬ್ಯಾಕಪ್‌ಗೆ 24 ಸ್ಲಾಟಿನ ಟೇಪ್ ಲೈಬ್ರರಿ (ರೋಬಾಟ್ ಕೈಯಿಂದ ಟೇಪುಗಳನ್ನು ತಾನೇ ಡ್ರೈವ್‌ಗೆ ಹಾಕುವ ಪೆಟ್ಟಿಗೆ), ಅದರಲ್ಲಿ ಎಲ್‌ಟಿಒ ಎಂಬ ಟೇಪ್ ಮಾದರಿಯ ಎಂಟನೇ ಪೀಳಿಗೆಯ, ಅಂದರೆ ಎಲ್‌ಟಿಒ-8ರ, ಎರಡು ಹಾಫ್ ಹೈಟ್ (ಅರ್ಧ ಎತ್ತರದ) ಡ್ರೈವ್‌ಗಳು. ಶನಿವಾರ ರಾತ್ರಿ ಹತ್ತಕ್ಕೆ ಶುರುವಾಗುವ ಪೂರ್ಣ ಬ್ಯಾಕಪ್ ಮೊದಲು ಭಾನುವಾರ ಸಂಜೆಗೆ ಮುಗಿಯುತ್ತಿತ್ತು. ಈಗ ಸೋಮವಾರ ಮಧ್ಯಾಹ್ನ ಎರಡಾಗುತ್ತದೆ. ಅಷ್ಟರಲ್ಲಿ ಒಪಿಡಿ ತೆರೆದು, ಚಿತ್ರಗಳು ಬರುತ್ತಿಲ್ಲವೆಂದು ವೈದ್ಯರು ಫೋನ್ ಮಾಡುತ್ತಾರೆ. ಡ್ರೈವ್‌ಗಳಿಂದ ಟೇಪ್ ಹಿಂದೆ ಮುಂದೆ ಓಡುವ ಸದ್ದು ನಿಲ್ಲುವುದೇ ಇಲ್ಲ. ನನಗಿಂತ ಮೊದಲು ಇದ್ದವರು ಹೇಳಿಕೊಟ್ಟಂತೆ ದಿನವೂ ಕ್ಲೀನಿಂಗ್ ಟೇಪ್ ಹಾಕುತ್ತೇನೆ. ಒಂದು ಟೇಪ್ ಮತ್ತೆ ಮತ್ತೆ ದೋಷ ತೋರಿಸುತ್ತಿದೆ. ಕಳೆದ ತಿಂಗಳು ಒಬ್ಬರೇ ರೋಗಿಯ ಸಿಟಿ ಚಿತ್ರಗಳನ್ನು ಟೇಪಿನಿಂದ ಮರಳಿ ತರಲು ಮೂರು ಗಂಟೆ ಹಿಡಿಯಿತು. ಡ್ರೈವ್ ಹಳೆಯದಾಗಿದೆ, ಬದಲಿಸಿ ಎಂದು ಸರಬರಾಜುದಾರರು ಹೇಳುತ್ತಾರೆ. ಟೇಪ್ ಯಾವ ಕಾಲದ್ದು, ಕ್ಲೌಡ್‌ಗೆ ಹೋಗೋಣ ಎಂದು ಆಡಳಿತ ಹೇಳುತ್ತದೆ. ಸರ್ವರ್ ಕೋಣೆಯ ಗೋಡೆಯಾಚೆ ಎಂಆರ್‌ಐ ಯಂತ್ರವಿದೆ, ಮಳೆಗಾಲದಲ್ಲಿ ವಿಪರೀತ ತೇವ. ಟೇಪುಗಳು ಹಾಳಾಗುತ್ತಿವೆಯೇ? ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ರೋಗಿಗಳ ಚಿತ್ರಗಳಿಗೆ ಇರುವುದು ಇದೊಂದೇ ರಕ್ಷಣೆ, ಅದೇ ಕುಸಿಯುತ್ತಿದೆಯೇ ಎಂಬ ಭಯ. ನೀವು ಬರೆದ ವಿವರಗಳನ್ನು ನೋಡಿದರೆ ಡ್ರೈವ್‌ಗಳು ಕೆಟ್ಟಿರುವ ಸಾಧ್ಯತೆ ಕಡಿಮೆ. ಅವುಗಳಿಗೆ ಬೇಕಾದ ವೇಗದಲ್ಲಿ ದತ್ತಾಂಶ ತಲುಪುತ್ತಿಲ್ಲ ಎಂಬುದಕ್ಕೆ ಮಾತ್ರ ನಿಮ್ಮ ಪತ್ರದಲ್ಲೇ ಪುರಾವೆ ಇದೆ.

ಲೆಕ್ಕ ಹಾಕೋಣ. ಶನಿವಾರ ರಾತ್ರಿ ಹತ್ತರಿಂದ ಸೋಮವಾರ ಮಧ್ಯಾಹ್ನ ಎರಡರವರೆಗೆ 40 ಗಂಟೆ. 14 ಟಿಬಿಯನ್ನು 40 ಗಂಟೆಗೆ ಹಂಚಿದರೆ ಸೆಕೆಂಡಿಗೆ ಸುಮಾರು 97 ಎಂಬಿ. ಅದು ಎರಡು ಡ್ರೈವ್‌ಗಳಿಗೆ ಸೇರಿ. ಒಂದೊಂದಕ್ಕೆ ಸಿಗುತ್ತಿರುವುದು 50 ಎಂಬಿಗಿಂತ ಕಡಿಮೆ. ಎಲ್‌ಟಿಒ-8 ಹಾಫ್ ಹೈಟ್ ಡ್ರೈವ್ ಸೆಕೆಂಡಿಗೆ 300 ಎಂಬಿ ಬರೆಯಬಲ್ಲದು. ದತ್ತಾಂಶ ನಿಧಾನವಾಗಿ ಬಂದರೆ ಅದು ತನ್ನ ಓಟವನ್ನೂ ತಗ್ಗಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ಕೆಳಮಿತಿಯಿದೆ, ಹೆಚ್ಚುಕಡಿಮೆ 100 ಎಂಬಿ. ಅದಕ್ಕಿಂತ ನಿಧಾನವಾಗಿ ಟೇಪನ್ನು ಓಡಿಸಲು ಅದಕ್ಕೆ ಬರುವುದಿಲ್ಲ.

ಹಾಗಾದಾಗ ಏನಾಗುತ್ತದೆ? ಡ್ರೈವ್‌ನ ಒಳಗಿನ ತಾತ್ಕಾಲಿಕ ಸ್ಮೃತಿ ಬರಿದಾಗುತ್ತದೆ, ಬರೆಯಲು ಏನೂ ಉಳಿಯುವುದಿಲ್ಲ. ಓಡುತ್ತಿರುವ ಟೇಪನ್ನು ಇದ್ದಲ್ಲೇ ನಿಲ್ಲಿಸಲಾಗದು, ಅದು ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ನಿಲ್ದಾಣ ದಾಟಿ ಮುಂದೆ ಹೋಗಿ ನಿಂತ ಬಸ್ಸು ಹಿಂದಕ್ಕೆ ಬಂದು ಜನರನ್ನು ಹತ್ತಿಸಿಕೊಳ್ಳುವ ಹಾಗೆ, ಡ್ರೈವ್ ಟೇಪನ್ನು ಹಿಂದಕ್ಕೆ ಸುತ್ತಿ, ಮತ್ತೆ ವೇಗ ಹಿಡಿದು, ಬಿಟ್ಟ ಜಾಗದಿಂದ ಬರೆಯುತ್ತದೆ. ನೀವು ಕೇಳುತ್ತಿರುವ ಸದ್ದು ಇದೇ. ಪ್ರತಿ ಸಲವೂ ಕೆಲವು ಸೆಕೆಂಡು ನಷ್ಟವಾಗುತ್ತದೆ, ಟೇಪಿನ ಅದೇ ತುಣುಕು ಓದಿ ಬರೆಯುವ ಹೆಡ್ ಮೇಲೆ ಮತ್ತೆ ಮತ್ತೆ ಉಜ್ಜುತ್ತದೆ. ಒಂದು ಎಲ್‌ಟಿಒ-8 ಟೇಪಿನ ಉದ್ದ 960 ಮೀಟರ್. ಅರ್ಧ ಇಂಚಿನ ಅಗಲದಲ್ಲಿ 6,656 ಹಾದಿಗಳಿವೆ, ಒಮ್ಮೆಗೆ 32 ಹಾದಿ ಬರೆಯುತ್ತಾರೆ. ಅಂದರೆ ಟೇಪ್ ತುಂಬಲು ಆ ತುದಿಯಿಂದ ಈ ತುದಿಗೆ 208 ಸಲ ಓಡಬೇಕು, ಸುಮಾರು 200 ಕಿಲೋಮೀಟರ್. ಎಲ್ಲವೂ ಸರಿಯಿದ್ದಾಗಲೇ ಇಷ್ಟು ಓಟ. ನಿಂತು ಹಿಂದಕ್ಕೆ ಬರುವ ಓಟವೆಲ್ಲ ಇದರ ಮೇಲೆ ಸೇರುತ್ತದೆ. ಟೇಪೂ ಹೆಡ್ಡೂ ಬೇಗ ಸವೆಯುವುದು ಹೀಗೆ.

ಹಾಗಾದರೆ ದತ್ತಾಂಶ ಏಕೆ ನಿಧಾನ? ಎರಡು ಕಡೆ ನೋಡಿ. ಮೊದಲನೆಯದು ನೆಟ್‌ವರ್ಕ್. ಒಂದು ಗಿಗಾಬಿಟ್‌ನ ಸಂಪರ್ಕದಲ್ಲಿ ಕಾಗದದ ಮೇಲೆ 125 ಎಂಬಿ, ವಾಸ್ತವದಲ್ಲಿ 110ರ ಸುತ್ತಮುತ್ತ ಸಾಗುತ್ತದೆ. ನಿಮ್ಮ 97 ಈ ಮಿತಿಗೆ ಅನುಮಾನ ಬರುವಷ್ಟು ಹತ್ತಿರದಲ್ಲಿದೆ. ಎರಡನೆಯದು ಫೈಲುಗಳ ಗಾತ್ರ, ಆಸ್ಪತ್ರೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ. ಸಿಟಿಯ ಒಂದು ಅಡ್ಡಕೊಯ್ತದ ಚಿತ್ರ 512ಕ್ಕೆ 512 ಬಿಂದುಗಳು, ಬಿಂದುವಿಗೆ ಎರಡು ಬೈಟ್, ಒಟ್ಟು ಅರ್ಧ ಎಂಬಿ. ಒಬ್ಬ ರೋಗಿಯ ಒಂದು ಸ್ಕ್ಯಾನ್ ಎಂದರೆ ಇಂಥ ನೂರಾರು ಫೈಲುಗಳು. ತಿರುಗುವ ಹಾರ್ಡ್ ಡಿಸ್ಕ್ ಚೆಲ್ಲಾಪಿಲ್ಲಿಯಾಗಿ ಬಿದ್ದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಹುಡುಕಿ ಓದಬಲ್ಲದು. ಅರ್ಧ ಎಂಬಿಯ ನೂರು ಫೈಲು ಎಂದರೆ 50 ಎಂಬಿ. ಒಂದೊಂದು ಡ್ರೈವ್‌ಗೆ ನಿಮ್ಮಲ್ಲಿ ತಲುಪುತ್ತಿರುವುದೂ ಅಷ್ಟೇ.

ಎರಡರಲ್ಲಿ ಯಾವುದು ಎಂದು ತಿಳಿಯಲು ಚಿತ್ರಗಳ ಸರ್ವರ್‌ನಿಂದ ಬ್ಯಾಕಪ್ ಸರ್ವರ್‌ಗೆ 50 ಜಿಬಿಯ ಒಂದೇ ಒಂದು ಫೈಲನ್ನು ನಕಲು ಮಾಡಿ ನೋಡಿ. ಅದೂ 110ಕ್ಕೆ ನಿಂತರೆ ದಾರಿಯೇ ಕಿರಿದು; 10 ಗಿಗಾಬಿಟ್‌ನ ಕಾರ್ಡ್ ಮತ್ತು ಸ್ವಿಚ್ ಬೇಕು. ಅದು 300–400ರಲ್ಲಿ ಓಡಿದರೆ ದಾರಿ ಸರಿಯಿದೆ, ಸಣ್ಣ ಫೈಲುಗಳೇ ತೊಡಕು.

ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಈ ಶನಿವಾರವೇ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ಕೇಳಲು ವಿಚಿತ್ರವೆನಿಸಬಹುದು: ಎರಡರ ಬದಲು ಒಂದೇ ಡ್ರೈವ್ ಬಳಸಿ, ಆದರೆ ಅದಕ್ಕೆ ಮೊದಲಿನಷ್ಟೇ ಓದುವ ಹರಿವುಗಳನ್ನು (ಏಕಕಾಲಕ್ಕೆ ಫೈಲುಗಳನ್ನು ಓದಿ ಕಳುಹಿಸುವ ಕೆಲಸಗಳನ್ನು) ಒಟ್ಟಿಗೆ ಬಿಡಿ. ಬರುವ 97 ಎಂಬಿ ಪೂರ್ತಿ ಒಂದಕ್ಕೇ ಹೋದರೆ ಅದು ಕೆಳಮಿತಿಯ ಹತ್ತಿರ ಬರುತ್ತದೆ, ನಿಂತು ಓಡುವುದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸಮಯ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಸವೆತ ತಗ್ಗುತ್ತದೆ, ಮತ್ತು ಸದ್ದು ಕಡಿಮೆಯಾದರೆ ನನ್ನ ಅನುಮಾನ ಸರಿಯೆಂದು ನಿಮಗೇ ತಿಳಿಯುತ್ತದೆ. ಡ್ರೈವ್ ಬದಲಿಸಿ ಎನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹೊಸ ಡ್ರೈವ್ ತಂದರೂ ಇದೇ 50 ಎಂಬಿ ಬರುತ್ತಿದ್ದರೆ ಅದೂ ಹೀಗೆಯೇ ಒದ್ದಾಡುತ್ತದೆ.

ಇನ್ನು ದಿನವೂ ಕ್ಲೀನಿಂಗ್ ಟೇಪ್ ಹಾಕುವುದನ್ನು ಇವತ್ತೇ ನಿಲ್ಲಿಸಿ. ಕ್ಲೀನಿಂಗ್ ಟೇಪಿನ ಮೇಲ್ಮೈ ಮಾಮೂಲಿ ಟೇಪಿಗಿಂತ ಒರಟು, ಹೆಡ್ ಅನ್ನು ಉಜ್ಜಿಯೇ ಸ್ವಚ್ಛ ಮಾಡುವುದು. ಎಲ್‌ಟಿಒ ಡ್ರೈವ್ ತನ್ನ ದೋಷಗಳನ್ನು ತಾನೇ ಎಣಿಸಿಕೊಂಡು, ಬೇಕಾದಾಗ ತಾನೇ ಕೇಳುತ್ತದೆ. ಡ್ರೈವ್ ಕೊಡುವ ಟೇಪ್ ಅಲರ್ಟ್ ಎಂಬ ಎಚ್ಚರಿಕೆ ಸಂಕೇತಗಳಲ್ಲಿ 20 ಬಂದರೆ ಕೂಡಲೇ ಸ್ವಚ್ಛ ಮಾಡಿ ಎಂದರ್ಥ. ಲೈಬ್ರರಿಯ ಒಂದು ಸ್ಲಾಟಿನಲ್ಲಿ ಕ್ಲೀನಿಂಗ್ ಟೇಪ್ ಇರಿಸಿ, ಸ್ವಯಂಚಾಲಿತ ಕ್ಲೀನಿಂಗ್ ಚಾಲೂ ಮಾಡಿದರೆ ಸಾಕು. ಲೈಬ್ರರಿ ಮತ್ತು ಬ್ಯಾಕಪ್ ಸಾಫ್ಟ್‌ವೇರ್ ಎರಡರಲ್ಲೂ ಇದನ್ನು ಚಾಲೂ ಮಾಡಬೇಡಿ, ಯಾವುದಾದರೂ ಒಂದಕ್ಕೆ ವಹಿಸಿ. ಒಂದು ಕ್ಲೀನಿಂಗ್ ಟೇಪ್ ಸಾಮಾನ್ಯವಾಗಿ 50 ಬಾರಿಗೆ ಮುಗಿಯುತ್ತದೆ. ದಿನವೂ ಹಾಕಿದರೆ ಎರಡು ತಿಂಗಳೊಳಗೆ ಅದು ಬರಿಯ ಪ್ಲಾಸ್ಟಿಕ್ ಡಬ್ಬಿ. ಈಗ ನಿಮ್ಮಲ್ಲಿರುವುದರ ಲೆಕ್ಕ ಮುಗಿದಿದೆಯೇ ಎಂದೂ ನೋಡಿ. ಇಷ್ಟೆಲ್ಲ ಮಾಡಿದ ಮೇಲೂ ಡ್ರೈವ್ ವಾರಕ್ಕೊಮ್ಮೆ ಸ್ವಚ್ಛತೆ ಕೇಳುತ್ತಿದ್ದರೆ ಧೂಳಿನ ಮೂಲ ಹುಡುಕಿ. ನಿಮ್ಮ ಭಾಗದಲ್ಲಿ ಕೆಂಪುಕಲ್ಲು ಕೊಯ್ಯುವ ಕೆಲಸ ಹತ್ತಿರದಲ್ಲಿ ನಡೆದರೆ ಆ ಧೂಳು ಎಸಿಯ ಜಾಲರಿಯನ್ನೂ ದಾಟಿ ಬರುತ್ತದೆ. ಕಟ್ಟಡದ ಕಾಮಗಾರಿ ಮುಗಿಯುವವರೆಗೆ ಸರ್ವರ್ ಕೋಣೆಯ ಬಾಗಿಲಿನ ಸಂದಿಗಳನ್ನು ಮುಚ್ಚಿಸಿ.

ಆ ಒಂದು ಟೇಪ್ ಕೆಟ್ಟಿದೆಯೇ, ಡ್ರೈವ್ ಕೆಟ್ಟಿದೆಯೇ ಎಂದು ಊಹಿಸಬೇಕಿಲ್ಲ. ಆ ಟೇಪಿನಲ್ಲಿ ಬೇಕಾದದ್ದು ಇದ್ದರೆ ಮೊದಲು ಬೇರೆಡೆಗೆ ಇಳಿಸಿಕೊಳ್ಳಿ, ಆಮೇಲೆ ಅದನ್ನು ಎರಡನೇ ಡ್ರೈವ್‌ಗೆ ಹಾಕಿ ಬರೆದು ನೋಡಿ. ದೋಷ ಟೇಪಿನ ಹಿಂದೆಯೇ ಹೋದರೆ ಟೇಪನ್ನು ನಿವೃತ್ತಿಗೊಳಿಸಿ. ಬೇರೆ ಟೇಪುಗಳೂ ಮೊದಲ ಡ್ರೈವ್‌ನಲ್ಲಿ ಮಾತ್ರ ದೋಷ ತೋರಿಸಿದರೆ ಆಗ ಡ್ರೈವ್ ಬಗ್ಗೆ ಸರಬರಾಜುದಾರರ ಮಾತು ಕೇಳೋಣ. ಯಾವ ಟೇಪ್, ಯಾವ ಡ್ರೈವ್, ಯಾವ ದಿನ, ಯಾವ ಸಂಕೇತ ಎಂದು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಇರುವವರೆಗೆ ಉಚಿತವಾಗಿ ಭಾಗ ಬದಲಿಸಿಕೊಳ್ಳಲು ಈ ದಾಖಲೆಯೇ ಆಧಾರ. ಕೆಳಗೆ ಬಿದ್ದ ಕಾರ್ಟ್ರಿಜ್ ಇದ್ದರೆ ಹಾಗೆಯೇ ಲೈಬ್ರರಿಗೆ ಹಾಕಬೇಡಿ. ಟೇಪಿನ ತುದಿಯಲ್ಲಿರುವ ಸಣ್ಣ ಲೋಹದ ಪಿನ್ ಸ್ಥಾನ ತಪ್ಪಿದ್ದರೆ ಅದನ್ನು ಎಳೆಯಲು ಹೋದ ಡ್ರೈವೂ ಕೆಡುತ್ತದೆ. ಹಾಗೆಯೇ ಬಾರ್‌ಕೋಡ್ ಬಿಟ್ಟು ಬೇರೆ ಯಾವ ಚೀಟಿಯನ್ನೂ ಅಂಟಿಸಬೇಡಿ. ಅಂಟು ಬಿಟ್ಟ ಒಂದು ಚೀಟಿ ಸಾಕು, ರೋಬಾಟ್ ಕೈ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎಂಆರ್‌ಐ ಬಗ್ಗೆ ಕೇಳಿದ್ದೀರಿ. ಯಂತ್ರದ ಸುರಂಗದೊಳಗೆ 1.5 ಟೆಸ್ಲಾ, ಅಂದರೆ 15,000 ಗಾಸ್. ಅಲ್ಲಿಗೆ ಟೇಪ್ ಒಯ್ದರೆ ಅದು ಅಳಿಸಿಹೋಗುತ್ತದೆ, ಬಿಡಿ. ಆದರೆ ಕಾಂತಕ್ಷೇತ್ರ ದೂರ ಹೋದಂತೆ ಬಹಳ ಬೇಗ ಕುಗ್ಗುತ್ತದೆ. ಟೇಪಿನ ಬಳಿ ಹೊರಗಿನ ಕಾಂತಕ್ಷೇತ್ರ ಮೀಟರಿಗೆ 4,000 ಆಂಪಿಯರ್, ಸುಮಾರು 50 ಗಾಸ್, ಮೀರಬಾರದು ಎಂದು ಎಲ್‌ಟಿಒ ಮಾನದಂಡ ಹೇಳುತ್ತದೆ. ಎಂಆರ್‌ಐ ಅಳವಡಿಸುವಾಗ 5 ಗಾಸ್‌ನ ಗೆರೆಯನ್ನು ನಕ್ಷೆಯಲ್ಲಿ ಗುರುತಿಸಿರುತ್ತಾರೆ. ಪೇಸ್‌ಮೇಕರ್ ಇರುವವರು ಅದನ್ನು ದಾಟಬಾರದು. ವಿಕಿರಣ ವಿಭಾಗದಿಂದ ಆ ನಕ್ಷೆ ತರಿಸಿ ನೋಡಿ. ನಿಮ್ಮ ಲೈಬ್ರರಿ ಆ ಗೆರೆಯ ಹೊರಗಿದ್ದರೆ ಟೇಪಿನ ಮಿತಿಯ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಕಾಂತಕ್ಷೇತ್ರದಲ್ಲಿದೆ, ನಿಶ್ಚಿಂತೆಯಿಂದಿರಿ. ಮೊಬೈಲಿನ ಅಥವಾ ಸ್ಪೀಕರಿನ ಪಕ್ಕ ಇಟ್ಟರೆ ಟೇಪ್ ಅಳಿಸುತ್ತದೆ ಎಂಬುದಕ್ಕೆ ಹೆದರಬೇಕಿಲ್ಲ.

ತೇವದ ಮಾತು ಬೇರೆ, ಅದಕ್ಕೆ ಹುರುಳಿದೆ. ಎಲ್‌ಟಿಒ-8ರಲ್ಲಿರುವ ಬೇರಿಯಂ ಫೆರೈಟ್ ಕಣಗಳು ಮೊದಲೇ ಆಕ್ಸೈಡ್ ರೂಪದಲ್ಲಿರುವುದರಿಂದ ತುಕ್ಕು ಹಿಡಿಯುವ ಭಯವಿಲ್ಲ. ಆದರೆ ಟೇಪಿನ ಪ್ಲಾಸ್ಟಿಕ್ ಪಟ್ಟಿ ತೇವ ಹೀರಿಕೊಂಡು ಅಗಲದಲ್ಲಿ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಹಿಗ್ಗಿದರೂ, ಅರ್ಧ ಇಂಚಿನಲ್ಲಿ ಆರೂವರೆ ಸಾವಿರ ಹಾದಿಗಳಿರುವಾಗ ಅದು ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಬರೆದದ್ದನ್ನು ಆಷಾಢದಲ್ಲಿ ಓದುವಾಗ ಡ್ರೈವ್ ತಡವರಿಸಲು ಇದೂ ಒಂದು ಕಾರಣ. ಹೆಚ್ಚು ಕಾಲ ಇಡುವ ಟೇಪಿಗೆ ತಯಾರಕರು ಹೇಳುವುದು 16ರಿಂದ 25 ಡಿಗ್ರಿ ಉಷ್ಣತೆ, ಶೇ 20ರಿಂದ 50 ಆರ್ದ್ರತೆ. ವಿದ್ಯುತ್ ಉಳಿಸಲೆಂದು ರಾತ್ರಿ ಎಸಿ ಆರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ನಿಲ್ಲಿಸಿ. ಒಂದೇ ಮಟ್ಟದ ತೇವಕ್ಕಿಂತ ದಿನವೂ ಏರಿಳಿಯುವ ತೇವ ಕೆಟ್ಟದ್ದು. ಬೇರೆಡೆ ಇಟ್ಟಿದ್ದ ಟೇಪ್ ತಂದ ಕೂಡಲೇ ಡ್ರೈವ್‌ಗೆ ಹಾಕದೆ, ಡಬ್ಬಿಯಲ್ಲೇ ಸರ್ವರ್ ಕೋಣೆಯಲ್ಲಿ ಒಂದು ದಿನ ಇರಲು ಬಿಡಿ.

ಮೂರು ಗಂಟೆಯ ರಿಸ್ಟೋರ್ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಟೇಪಿನಲ್ಲಿ ಬೇಕಾದ ಜಾಗ ತಲುಪಲು ಸರಾಸರಿ ಒಂದು ನಿಮಿಷ ಸಾಕು. ಮೂರು ಗಂಟೆಗೆ ಎರಡು ಕಾರಣಗಳಿರಬಹುದು. ಬ್ಯಾಕಪ್ ಸಾಫ್ಟ್‌ವೇರ್ ಹಲವು ಹರಿವುಗಳನ್ನು ಒಂದೇ ಟೇಪಿನಲ್ಲಿ ಜಡೆಯಂತೆ ಹೆಣೆದು ಬರೆದಿರಬಹುದು. ಎಂಟು ಎಳೆ ಹೆಣೆದಿದ್ದರೆ ಒಂದನ್ನು ಬಿಡಿಸಲು ಎಂಟರಷ್ಟು ಟೇಪ್ ಓಡಬೇಕು. ಈ ಶನಿವಾರಕ್ಕೆ ನಾನು ಹೇಳಿದ ಒಂದೇ ಡ್ರೈವ್‌ನ ಉಪಾಯಕ್ಕೂ ಈ ದೋಷವಿದೆ, ಆದ್ದರಿಂದ ಅದು ತಾತ್ಕಾಲಿಕ ಮಾತ್ರ. ಎರಡನೆಯದಾಗಿ, ಒಂದು ಸ್ಕ್ಯಾನ್‌ನ ಫೈಲುಗಳು ಪೂರ್ಣ ಬ್ಯಾಕಪ್‌ನ ಒಂದು ಟೇಪ್, ದಿನದಿನದ ಬ್ಯಾಕಪ್‌ಗಳ ಇನ್ನೊಂದೆರಡು ಟೇಪ್ ಎಂದು ಹಂಚಿಹೋಗಿರಬಹುದು.

ಶಾಶ್ವತ ಪರಿಹಾರಕ್ಕೆ ಹಲವು ದಾರಿಗಳಿವೆ. ನನ್ನ ಒಲವು ಎತ್ತ ಎಂದು ಮೊದಲೇ ಹೇಳಿಬಿಡುತ್ತೇನೆ: ವಾರಕ್ಕೊಮ್ಮೆ 14 ಟಿಬಿ ಬರೆಯುವುದನ್ನೇ ಕೈಬಿಡಿ. 2019ರಲ್ಲಿ ತೆಗೆದ ಸಿಟಿ ಚಿತ್ರ ಇನ್ನು ಬದಲಾಗುವುದಿಲ್ಲ. ಅದನ್ನು ಪ್ರತಿ ಶನಿವಾರ ಹೊಸದಾಗಿ ಬರೆಯುವುದರಿಂದ ಯಾರಿಗೆ ಲಾಭ? ಹಿಂದಿನ ವರ್ಷಗಳ ಚಿತ್ರಗಳನ್ನು ವರ್ಷವಾರು ಬೇರ್ಪಡಿಸಿ, ಒಂದೊಂದು ಸ್ಕ್ಯಾನನ್ನೂ ಒಂದೇ ದೊಡ್ಡ ಕಡತವಾಗಿ ಕಟ್ಟಿ, ಎರಡು ಪ್ರತ್ಯೇಕ ಟೇಪುಗಳಿಗೆ ನಿಧಾನವಾಗಿ ಬರೆಯಿರಿ. ಓದಿ ಪರಿಶೀಲಿಸಿ. ಒಂದು ಪ್ರತಿ ಬೇರೆ ಕಟ್ಟಡಕ್ಕೆ, ಒಂದು ಇಲ್ಲೇ ಬೀರುವಿಗೆ. ಆಮೇಲೆ ವಾರಕ್ಕೆ ಬರೆಯಬೇಕಾದದ್ದು ಈ ವರ್ಷದ ಚಿತ್ರಗಳು ಮತ್ತು ಡೇಟಾಬೇಸ್ ಮಾತ್ರ. ಇದರ ಅಪಾಯವೂ ಇದೆ. ರೋಗಿಯ ಹೆಸರು ಅಥವಾ ನೋಂದಣಿ ಸಂಖ್ಯೆ ತಿದ್ದಿದಾಗ, ಒಬ್ಬರದೇ ಎರಡು ದಾಖಲೆಗಳನ್ನು ಕೂಡಿಸಿದಾಗ, ಆ ತಿದ್ದುಪಡಿ ಅನೇಕ ವ್ಯವಸ್ಥೆಗಳಲ್ಲಿ ಡೇಟಾಬೇಸಿನಲ್ಲಷ್ಟೇ ಇರುತ್ತದೆ, ಚಿತ್ರದ ಫೈಲಿನಲ್ಲಿ ಇರುವುದಿಲ್ಲ. ಡೇಟಾಬೇಸ್ ಹೋದರೆ ಹಳೆಯ ಚಿತ್ರಗಳು ಹಳೆಯ ತಪ್ಪು ಹೆಸರಿನಲ್ಲೇ ಎದ್ದು ಬರುತ್ತವೆ. ಆದ್ದರಿಂದ ಡೇಟಾಬೇಸಿನ ಬ್ಯಾಕಪ್ ದಿನವೂ ಆಗಲೇಬೇಕು.

ಇದರ ಜೊತೆಗೆ ನಡುವೆ ಒಂದು ಡಿಸ್ಕ್ ಇಡುವುದು ಒಳ್ಳೆಯದು. ಚಿತ್ರಗಳು ವಾರವಿಡೀ ನಿಧಾನವಾಗಿ ಬ್ಯಾಕಪ್ ಸರ್ವರ್‌ನ ವೇಗದ ಎಸ್‌ಎಸ್‌ಡಿಗೆ ಬಂದು, ದೊಡ್ಡ ಕಡತಗಳಾಗಿ ಸೇರಿ, ಅಲ್ಲಿಂದ ಟೇಪಿಗೆ ಪೂರ್ಣ ವೇಗದಲ್ಲಿ ಹೋಗುತ್ತವೆ. ಒಪಿಡಿಯವರ ದೂರೂ ತಪ್ಪುತ್ತದೆ. ಟೇಪಿಗೆ ಬರೆದು ಪರಿಶೀಲನೆ ಮುಗಿಯುವ ಮೊದಲು ಡಿಸ್ಕಿನ ಪ್ರತಿಯನ್ನು ಅಳಿಸದಂತೆ ಎಚ್ಚರ ವಹಿಸಿ. ಅಂದ ಹಾಗೆ, ಕಾರ್ಟ್ರಿಜ್ ಮೇಲೆ ಮುದ್ರಿಸಿದ 30 ಟಿಬಿಯನ್ನು ನಂಬಿ ಟೇಪ್ ಲೆಕ್ಕ ಹಾಕಬೇಡಿ. ಅದು ದತ್ತಾಂಶ ಎರಡೂವರೆ ಪಟ್ಟು ಕುಗ್ಗುತ್ತದೆಂಬ ಊಹೆ; ಮೊದಲೇ ಕುಗ್ಗಿಸಿದ ಚಿತ್ರಗಳು ಮತ್ತೆ ಕುಗ್ಗುವುದಿಲ್ಲ. ನಿಮಗೆ ಸಿಗುವುದು 12 ಟಿಬಿ.

ಕ್ಲೌಡ್ ಬೇಡವೆನ್ನುವುದಿಲ್ಲ, ಡೇಟಾಬೇಸಿಗೆ ಅದು ಉತ್ತಮ ಮೂರನೆಯ ಪ್ರತಿ. ಆದರೆ 14 ಟಿಬಿಯನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ವಾಪಸ್ ತರಲು ಒಂದು ಕ್ಷಣವೂ ಕಡಿಯದಿದ್ದರೂ 13 ದಿನ ಬೇಕು. ಅಷ್ಟು ದಿನ ಆಸ್ಪತ್ರೆ ಹಳೆಯ ಚಿತ್ರಗಳಿಲ್ಲದೆ ನಡೆಯಬಲ್ಲದೇ ಎಂದು ಆಡಳಿತವನ್ನು ಕೇಳಿ, ಇಳಿಸಿಕೊಳ್ಳುವುದಕ್ಕೆ ತಗಲುವ ಶುಲ್ಕವನ್ನೂ ಲಿಖಿತವಾಗಿ ಕೇಳಿ. ಟೇಪ್ ಹಳೆಯ ಕಾಲದ್ದು ಎಂಬ ಮಾತಿಗೆ ಒಂದು ಉದಾಹರಣೆ ಕೊಡಬಹುದು: 2011ರ ಫೆಬ್ರುವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಕೆಲವು ಬಳಕೆದಾರರ ಜಿಮೇಲ್ ಖಾಲಿಯಾದಾಗ ಗೂಗಲ್ ಅದನ್ನು ಮರಳಿ ತಂದದ್ದು ಟೇಪಿನಿಂದ. ಆನ್‌ಲೈನ್‌ನಲ್ಲಿದ್ದ ಪ್ರತಿಗಳಿಗೂ ಆ ದೋಷ ತಗುಲಿತ್ತು, ಟೇಪಿಗೆ ತಗುಲಿರಲಿಲ್ಲ.

ಡ್ರೈವ್ ಬದಲಿಸುವ ದಿನ ಬಂದರೆ ಎಲ್‌ಟಿಒ-9 ನೋಡಿ. ಅದು ನಿಮ್ಮ ಎಲ್‌ಟಿಒ-8 ಟೇಪುಗಳನ್ನು ಓದುತ್ತದೆ, ಬರೆಯುತ್ತದೆ. ಹೊಸ ಎಲ್‌ಟಿಒ-9 ಟೇಪನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಅಳೆದು ಸಜ್ಜುಗೊಳಿಸಲು ಎರಡು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಕೆಟ್ಟಿದೆಯೆಂದು ನಡುವೆ ನಿಲ್ಲಿಸಬೇಡಿ. 2025ರಲ್ಲಿ ಬಂದ ಎಲ್‌ಟಿಒ-10 ಹಿಂದಿನ ಯಾವ ಪೀಳಿಗೆಯ ಟೇಪನ್ನೂ ಓದುವುದಿಲ್ಲ, ನಿಮಗೆ ಅದು ಬೇಡ. ಟೇಪ್ ತಯಾರಿಸುವವರು ಫ್ಯೂಜಿಫಿಲ್ಮ್ ಮತ್ತು ಸೋನಿ ಇಬ್ಬರೇ. ಅವರ ಪೇಟೆಂಟ್ ಜಗಳದಿಂದ 2019ರಲ್ಲಿ ಎಲ್‌ಟಿಒ-8 ಟೇಪ್ ಮಾರುಕಟ್ಟೆಯಲ್ಲಿ ಸಿಗದೆ ಹೋದ ಕಾಲವಿತ್ತು. ಒಂದು ವರ್ಷಕ್ಕಾಗುವಷ್ಟು ಟೇಪ್ ಕೈಯಲ್ಲಿರಲಿ.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಬಿಡಲಾರೆ. ಎಲ್ಲ ಟೇಪುಗಳೂ ಲೈಬ್ರರಿಯ ಒಳಗೇ ಇವೆಯೇ? ರೋಬಾಟ್ ಕೈಗೆ ಎಟುಕುವ ಟೇಪ್, ಬ್ಯಾಕಪ್ ಸರ್ವರ್‌ನ ಪಾಸ್‌ವರ್ಡ್ ಕದ್ದವನಿಗೂ ಎಟುಕುತ್ತದೆ. ಅವನು ಅಲ್ಲಿಂದಲೇ ಒಂದೊಂದಾಗಿ ಡ್ರೈವ್‌ಗೆ ಹಾಕಿಸಿ ಅಳಿಸಬಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ರಾನ್ಸಮ್‌ವೇರ್ (ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ) ದಾಳಿಯಾದಾಗ ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಪೂರ್ಣ ಬ್ಯಾಕಪ್ ಮುಗಿದ ಟೇಪನ್ನು ಮೇಲ್ ಸ್ಲಾಟಿನ (ಟೇಪ್ ಹಾಕಿ ತೆಗೆಯುವ ಕಿಂಡಿಯ) ಮೂಲಕ ಹೊರತೆಗೆದು, ಬರೆಯದಂತೆ ತಡೆಯುವ ಗುಂಡಿಯನ್ನು ಸರಿಸಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ಬೇರೆ ಕಟ್ಟಡಕ್ಕೆ ಕಳುಹಿಸಿ. ಬಾಗಿಲು ತೆರೆದು ಕೈಯಿಂದ ಅದಲು ಬದಲು ಮಾಡಬೇಡಿ. ಯಾವ ಟೇಪ್ ಎಲ್ಲಿದೆ ಎಂಬ ಸಾಫ್ಟ್‌ವೇರಿನ ಲೆಕ್ಕ ತಪ್ಪುತ್ತದೆ. ಹೊರಗೆ ಹೋಗುವ ಟೇಪ್ ಗೂಢಲಿಪಿಯಲ್ಲಿರಬೇಕು, ಆ ಕೀಲಿಯ ಪ್ರತಿ ಟೇಪಿನ ಜೊತೆ ಇರಬಾರದು, ಬ್ಯಾಕಪ್ ಸರ್ವರ್‌ನಲ್ಲಿ ಮಾತ್ರವೂ ಇರಬಾರದು.

ಬ್ಯಾಕಪ್ ಸಾಫ್ಟ್‌ವೇರಿನ ಕ್ಯಾಟಲಾಗಿಗೂ ಇದೇ ಮಾತು. ಅದು ನಾಶವಾದರೆ ಯಾವ ಫೈಲು ಯಾವ ಟೇಪಿನಲ್ಲಿದೆ ಎಂದು ತಿಳಿಯಲು ಎಲ್ಲ ಟೇಪನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕಾಗಬಹುದು. ತುಂಬಿದ ಒಂದು ಟೇಪಿಗೆ 300 ಎಂಬಿ ವೇಗದಲ್ಲೂ 11 ಗಂಟೆ, 22 ಟೇಪುಗಳಿಗೆ ಎರಡು ಡ್ರೈವ್‌ಗಳಿದ್ದರೂ ಐದು ದಿನ. ಕ್ಯಾಟಲಾಗಿನ ಪ್ರತಿ ದಿನವೂ ಬೇರೊಂದು ಜಾಗಕ್ಕೆ ಹೋಗಲಿ.

ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಸ್ಕ್ಯಾನನ್ನು ಹೊರಗಿನ ಪ್ರತಿಯಿಂದ ತಂದು, ವಿಕಿರಣ ವಿಭಾಗದ ವೈದ್ಯರೊಬ್ಬರನ್ನು ಕರೆದು, ಅವರ ಪರದೆಯಲ್ಲೇ ತೆರೆದು ತೋರಿಸಿ. ಎಷ್ಟು ಹೊತ್ತು ಹಿಡಿಯಿತೆಂದು ಅದೇ ಪುಸ್ತಕದಲ್ಲಿ ಬರೆದಿಡಿ. ಒಂದೇ ಡ್ರೈವ್‌ನಲ್ಲಿ ಎರಡು ಶನಿವಾರ ಓಡಿಸಿದ ಮೇಲೆ ಬ್ಯಾಕಪ್‌ಗೆ ಹಿಡಿದ ಸಮಯ, ಆ ದೊಡ್ಡ ಫೈಲಿನ ನಕಲಿನ ವೇಗ, ವಾರಕ್ಕೆ ಎಷ್ಟು ಹೊಸ ಚಿತ್ರ ಸೇರುತ್ತದೆ ಎಂಬ ಮೂರು ಅಂಕಿಗಳನ್ನು ಬರೆದು ಕಳುಹಿಸಿ. ನಡುವಿನ ಡಿಸ್ಕ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆಗ ನಿಖರವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಹೊಸ ಡ್ರೈವ್‌ಗೆ ಆರ್ಡರ್ ಕೊಡಬೇಡಿ.